ಜೋಡಿ ಸೊನ್ನೆ

ದಾಂಡೇಲಿ
11 ಜನವರಿ 2023

ಈಶಪ್ಪ ಸರ್ ಅವರಿಗೆ ಸಲಾಮ್.

ಕಳೆದ ತಿಂಗಳು ಹಳಿಯಾಳದ ಗ್ರಂಥಾಲಯದಲ್ಲಿ ನೀವು ಗುಪ್ತಲಿಪಿಯ ಬಗ್ಗೆ ಮಾತನಾಡಿದಾಗ ಹಿಂದಿನ ಬೆಂಚಿನಿಂದ ಎರಡು ಸಲ ಕೈ ಎತ್ತಿದವಳು ನಾನು. ಎರಡು ಸಲವೂ ನೀವು ಮುಂದೆ ಕುಳಿತ ಹುಡುಗರನ್ನೇ ಕೇಳಿದಿರಿ. ಬೋರ್ಡಿನ ಮೇಲೆ ವಿಳಾಸ ಬರೆದದ್ದು ನಿಮ್ಮದೇ ತಪ್ಪು, ಈಗ ಅನುಭವಿಸಿ.

ನನ್ನ ಹೆಸರು ನಿಲೋಫರ. ವಯಸ್ಸು ಹತ್ತೊಂಬತ್ತು. ಪಿಯುಸಿ ಮುಗಿಸಿ ಮನೆಯಲ್ಲಿದ್ದೇನೆ. ಅಬ್ಬಾ ಕಾಗದದ ಗಿರಣಿಯಲ್ಲಿ ಹಾಳೆ ಕತ್ತರಿಸುವ ಕೆಲಸದಲ್ಲಿದ್ದಾರೆ, ಅಮ್ಮಿ ಬಟ್ಟೆ ಹೊಲಿಯುತ್ತಾಳೆ. ಮನೆಗೆಲ್ಲ ಇರುವುದು ಒಂದೇ ಫೋನು, ಅದು ಅಣ್ಣ ಸಾಬೀರನ ಜೇಬಿನಲ್ಲಿ. ಅವನು ಊಟಕ್ಕೆ ಕುಳಿತಾಗ ಸಿಗುವ ಇಪ್ಪತ್ತು ನಿಮಿಷದಲ್ಲಿ ನಾನು ಕಲಿತದ್ದು ಇಷ್ಟು: ಅಕ್ಷರವನ್ನು ಮೂರು ಮನೆ ಮುಂದೆ ತಳ್ಳಿ ಬರೆಯುವುದು, ಒಂದು ಗುಟ್ಟಿನ ಪದವನ್ನು ಇಟ್ಟುಕೊಂಡು ಬೇರೆ ಬೇರೆ ಅಳತೆಗೆ ತಳ್ಳುವುದು. ಆಮೇಲೆ ನನ್ನದೇ ಒಂದು ಲಿಪಿ ಕಟ್ಟಿದ್ದೇನೆ. ಅಕ್ಷರಕ್ಕೊಂದು ಚಿತ್ರ. ಒಂದು ಪುಟ ಜೊತೆಗಿದೆ. ಅದನ್ನು ಯಾರಿಂದಲೂ ಒಡೆಯಲಾಗದು ಎಂದು ನನ್ನ ನಂಬಿಕೆ.

ಇಲ್ಲಿಂದ ಮುಂದೇನು ಸರ್? ಗುರುವಿಲ್ಲದೆ ಕಲಿತವರು ಮೊದಲ ಮೆಟ್ಟಿಲು ಹತ್ತಿಬಿಡುತ್ತಾರೆ, ಎರಡನೆಯದು ಎಲ್ಲಿದೆ ಎಂದೇ ಕಾಣುವುದಿಲ್ಲ. ನನಗೆ ದೊಡ್ಡ ಆಸೆಯೇನಿಲ್ಲ. ಯಾರೂ ಓದಲಾಗದ ಒಂದು ದಿನಚರಿ ಬರೆಯಬೇಕು. ಈ ಮನೆಯಲ್ಲಿ ನನ್ನ ಪಾಲಿನ ಕಪಾಟಿಗೆ ಕೀಲಿ ಇಲ್ಲ.

ನಿಮ್ಮ ಉತ್ತರ ಕಾಯುವ,
ನಿಲೋಫರ


ಇಂದೂರ, ತಾ. ಮುಂಡಗೋಡ
24 ಜನವರಿ 2023

ಮಗಳೇ ನಿಲೋಫರ,

ನಿನ್ನ ಒಡೆಯಲಾಗದ ಲಿಪಿಯನ್ನು ಒಂದು ಕಪ್ ಚಹಾ ಆರುವುದರೊಳಗೆ ಒಡೆದೆ. ನಿನ್ನ ಅಣ್ಣ ರೊಟ್ಟಿಯನ್ನೆಲ್ಲ ತಾನೇ ತಿಂದ ಸಂಗತಿ ಓದಿ ನನ್ನ ಹೆಂಡತಿ ಶಿವವ್ವನಿಗೂ ಹೇಳಿದೆ. ಕನ್ನಡದಲ್ಲಿ ಯಾವ ಅಕ್ಷರ ಹೆಚ್ಚು ಬರುತ್ತದೋ ಅದರ ಚಿತ್ರವೂ ಹೆಚ್ಚು ಬರುತ್ತದೆ. ಎಣಿಸಿದರೆ ಮುಗಿಯಿತು. ಬೇಸರ ಮಾಡಿಕೊಳ್ಳಬೇಡ. ನಾನೂ ಪೊಲೀಸ್ ವೈರ್‌ಲೆಸ್ ಖಾತೆ ಸೇರಿದ ಹೊಸದರಲ್ಲಿ ಹೀಗೇ ಮೀಸೆ ತಿರುವಿದ್ದೆ.

ಮುಂದೇನು ಎಂದು ಕೇಳಿದ್ದೀಯ. ಮೊದಲು, ಸ್ವಂತ ಲಿಪಿ ಕಟ್ಟುವುದನ್ನು ಒಂದು ವರ್ಷ ಬಿಡು. ಕಟ್ಟುವವನಿಗೆ ತನ್ನ ಗೋಡೆಯ ಬಿರುಕು ಕಾಣುವುದಿಲ್ಲ, ಆದ್ದರಿಂದ ಒಡೆಯಲು ಕಲಿ. ಅದರ ಜೊತೆಗೆ ಗಡಿಯಾರದ ಗಣಿತ ಕಲಿ. ಹತ್ತು ಗಂಟೆಗೆ ಐದು ಗಂಟೆ ಸೇರಿದರೆ ಹದಿನೈದಲ್ಲ, ಮೂರು. ಇವತ್ತಿನ ಗುಪ್ತಲಿಪಿಯೆಲ್ಲ ಆ ಶೇಷದ ಮೇಲೆಯೇ ನಿಂತಿದೆ. ಮತ್ತೊಂದು ಮಾತನ್ನು ಗೋಡೆಗೆ ಅಂಟಿಸಿಕೊ: ವಿಧಾನ ಊರಿಗೆಲ್ಲ ಗೊತ್ತಿದ್ದರೂ ಚಿಂತೆಯಿಲ್ಲ, ಚಾವಿ ಮಾತ್ರ ಗುಟ್ಟಾಗಿರಬೇಕು.

ದಿನಚರಿಗಾದರೆ ನಮ್ಮ ಖಾತೆಯ ಹಳೆಯ ದಾರಿ ಹೇಳುತ್ತೇನೆ. ಸ್ವರಕ್ಕೊಂದು, ವ್ಯಂಜನಕ್ಕೊಂದು ಎರಡಂಕಿ ಸಂಖ್ಯೆ ಕೊಟ್ಟ ಪಟ್ಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ನಿನ್ನ ಮಾತನ್ನು ಅದರಂತೆ ಅಂಕಿಯಾಗಿಸು. ಬೇರೆ ಒಂದು ಹಾಳೆಯಲ್ಲಿ ಅಷ್ಟೇ ಅಂಕಿಗಳನ್ನು ಚೀಟಿ ಎತ್ತಿ ಬರೆದುಕೊ. ಅದೇ ಚಾವಿ. ಮಾತಿನ ಅಂಕಿಗೆ ಚಾವಿಯ ಅಂಕಿ ಕೂಡಿಸು, ಹತ್ತು ಅಥವಾ ಹೆಚ್ಚು ಬಂದರೆ ಹತ್ತನ್ನು ಬಿಟ್ಟುಬಿಡು. ಚಾವಿಯ ಅಂಕಿಯನ್ನು ತಲೆಯಿಂದ ಬರೆಯಬಾರದು. ಒಂದು ಹಾಳೆಯನ್ನು ಒಂದೇ ಪುಟಕ್ಕೆ ಬಳಸಬೇಕು. ಬಳಸಿದ ಹಾಳೆ ಮರುದಿನ ಕಾಣಬಾರದು. ಈ ಮೂರನ್ನು ಪಾಲಿಸಿದರೆ ಭೂಮಿಯ ಮೇಲಿನ ಯಾವ ಯಂತ್ರವೂ ನಿನ್ನ ಪುಟ ಓದಲಾರದು. ಇದು ಬಡಾಯಿ ಅಲ್ಲ, ಗಣಿತ.

ಆಶೀರ್ವಾದಗಳೊಂದಿಗೆ,
ಈಶಪ್ಪ


ದಾಂಡೇಲಿ
2 ಜೂನ್ 2023

ಈಶಪ್ಪ ಕಾಕಾ,

ಇನ್ನು ಸರ್ ಅನ್ನುವುದಿಲ್ಲ. ನನ್ನ ಅಣ್ಣನ ರೊಟ್ಟಿಯ ಲೆಕ್ಕ ಗೊತ್ತಿರುವವರು ಮನೆಯವರೇ.

ಹದಿನೆಂಟು ಪುಟ ಆಯಿತು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಹುಣಸೆ ಬೀಜಕ್ಕೆ ಅಂಕಿ ಬರೆದು ಡಬ್ಬಿಗೆ ಹಾಕಿದ್ದೇನೆ. ಅಲುಗಾಡಿಸಿ ಒಂದನ್ನು ಎತ್ತುವುದು, ಬರೆಯುವುದು, ಮತ್ತೆ ಒಳಗೆ ಹಾಕುವುದು. ಒಂದು ಪುಟದ ಚಾವಿಗೆ ಇನ್ನೂರು ಸಲ. ಅಮ್ಮಿ ಆ ಸದ್ದಿಗೆ ರೋಸಿಹೋಗಿದ್ದಾಳೆ.

ಹತ್ತನೇ ಪುಟ ಬರೆದ ಮೇಲೆ ಒಂದು ವಿಷಯ ಹೊಳೆಯಿತು. ಚಾವಿ ನಾಶವಾದ ಮೇಲೆ ನನ್ನ ಪುಟವನ್ನು ನಾನೂ ಓದಲಾರೆ! ಮೊದಲು ನಗು ಬಂತು. ಆಮೇಲೆ, ಇರಲಿ ಅನಿಸಿತು. ಹೇಳಿದಂತೆಯೂ ಆಯಿತು, ಯಾರಿಗೂ ಹೇಳದಂತೆಯೂ ಆಯಿತು. ಈಗ ಹಾಗೆಯೇ ರೂಢಿಯಾಗಿದೆ. ಅಥವಾ ನಾನೇ ಏನಾದರೂ ತಪ್ಪಾಗಿ ತಿಳಿದಿದ್ದೇನೆಯೋ? ಬರೆಯಿರಿ.

ಧಾರವಾಡದಲ್ಲಿ ಬಿಎಸ್ಸಿ ಗಣಿತ ಓದಬೇಕೆಂದು ಮನೆಯಲ್ಲಿ ಇನ್ನೂ ಕೇಳಿಲ್ಲ. ಕೇಳಲು ಒಳ್ಳೆಯ ಹೊತ್ತು ನೋಡುತ್ತಿದ್ದೇನೆ.

ನಿಮ್ಮ ವಿದ್ಯಾರ್ಥಿನಿ,
ನಿಲೋಫರ


ದಾಂಡೇಲಿ
4 ಅಕ್ಟೋಬರ್ 2023

ಈಶಪ್ಪ ಸರ್ ಅವರಿಗೆ,

ನಾನು ನಿಲೋಫರಳ ತಾಯಿ ದಿಲಶಾದ. ನೀವು ಅವಳಿಗೆ ಬರೆದ ಪತ್ರ, ಅಂಕಿಗಳ ಪಟ್ಟಿ ಅವಳ ನೋಟ್‌ಬುಕ್ಕಿನ ರಟ್ಟಿನೊಳಗೆ ಸಿಕ್ಕಿದವು.

ಆಗಸ್ಟ್ ಹದಿನೇಳು, ಗುರುವಾರ ಮಧ್ಯಾಹ್ನ ನನ್ನ ಮಗಳು ಕಾಳಿ ಹೊಳೆಯ ಪಾಲಾದಳು. ಮೂರನೇ ದಿನ ಸಿಕ್ಕಳು. ಊರು ಎರಡು ಮಾತಾಡುತ್ತಿದೆ. ಕಾಲು ಜಾರಿತು ಅನ್ನುವವರು ನನ್ನ ಎದುರು ಅನ್ನುತ್ತಾರೆ. ತಾನೇ ಹೋದಳು ಅನ್ನುವವರು ನನ್ನ ಬೆನ್ನ ಹಿಂದೆ.

ಅಂದು ಬೆಳಗ್ಗೆ ನಮ್ಮಿಬ್ಬರಿಗೂ ಜಗಳವಾಗಿತ್ತು. ಹಳಿಯಾಳದಿಂದ ಹುಡುಗನ ಕಡೆಯವರು ನೋಡಲು ಬರುವವರಿದ್ದರು. ಅವಳು ಧಾರವಾಡ, ಗಣಿತ ಎಂದು ಶುರು ಮಾಡಿದಳು. ನಾನು ಏನೆಂದೆ ಎಂಬುದನ್ನು ನನ್ನ ಗಂಡನಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಏಕೆಂದರೆ ನೀವು ನನ್ನ ಮುಖ ನೋಡಿಲ್ಲ. ‘ನೀ ಹುಟ್ಟದಿದ್ರ ನನಗ ಎಷ್ಟೋ ಸುಖಾ ಇತ್ತು’ ಅಂದೆ. ಅವಳು ಅಳಲಿಲ್ಲ. ಒಳಗೆ ಹೋಗಿ ಬರೆಯುತ್ತ ಕುಳಿತಳು. ಆಮೇಲೆ ಕೈಚೀಲ ತೆಗೆದುಕೊಂಡು ಹೊರಟಳು. ನಾನು ಮಷೀನಿನ ಮೇಲಿಂದ ತಲೆ ಎತ್ತಲಿಲ್ಲ.

ನೋಟ್‌ಬುಕ್ಕಿನಲ್ಲಿ ನಲವತ್ಮೂರು ಪುಟಗಳಿವೆ. ಪುಟದ ಮೇಲೆ ತಾರೀಖು, ಕೆಳಗೆ ಬರೀ ಅಂಕಿ. ಕೊನೆಯ ಪುಟಕ್ಕೆ ಆಗಸ್ಟ್ ಹದಿನೇಳರ ತಾರೀಖಿದೆ. ಉಳಿದವು ತುಂಬು ಪುಟ, ಅದರಲ್ಲಿ ಐವತ್ತೆರಡೇ ಅಂಕಿ. ಆ ಪುಟವನ್ನು ನಕಲು ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ಜಾರಿದಳೋ ಹೋದಳೋ, ಆ ಐವತ್ತೆರಡಕ್ಕೆ ಗೊತ್ತಿದೆ. ಬೀಗ ಹಾಕಲು ಕಲಿಸಿದವರು ನೀವು. ತೆಗೆದುಕೊಡಿ.

ಪುಸ್ತಕವನ್ನು ಮನೆಯಿಂದ ಹೊರಗೆ ಕಳಿಸುವುದಿಲ್ಲ. ನಾನು ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಓದಿದವಳು. ಏನು ಮಾಡಬೇಕೆಂದು ಹೇಳಿ, ನಾನೇ ಮಾಡುತ್ತೇನೆ.

ದಿಲಶಾದ ಅಬ್ದುಲ್ ರಜಾಕ


ಇಂದೂರ
21 ಅಕ್ಟೋಬರ್ 2023

ತಂಗಿ ದಿಲಶಾದ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ನಿನ್ನ ಮಗಳು ಜೂನಿನಲ್ಲಿ ನನ್ನನ್ನು ಕಾಕಾ ಎಂದು ಕರೆದು ಪತ್ರ ಬರೆದಿದ್ದಳು. ಶಿವವ್ವನ ಕಾಲು ಮುರಿದು ಆಸ್ಪತ್ರೆ ಓಡಾಟದಲ್ಲಿದ್ದೆ. ನಾಳೆ ಬರೆಯೋಣ, ನಾಡಿದ್ದು ಬರೆಯೋಣ ಎಂದು ಬಿಟ್ಟೆ. ತಾನು ತಪ್ಪಾಗಿ ತಿಳಿದಿದ್ದೇನೆಯೋ ಎಂದು ಕೇಳಿದ್ದಳು. ತಪ್ಪು ಅವಳದಲ್ಲ. ನಮ್ಮ ಖಾತೆಯಲ್ಲಿ ಪ್ರತಿ ಚಾವಿ ಹಾಳೆಗೆ ಎರಡು ಪ್ರತಿ ಇರುತ್ತಿದ್ದವು. ಕಳಿಸುವವನು ತನ್ನದನ್ನು ನಾಶ ಮಾಡುತ್ತಿದ್ದ, ಓದುವವನ ಹತ್ತಿರ ಇನ್ನೊಂದು ಇರುತ್ತಿತ್ತು. ಮೂವತ್ತು ವರ್ಷ ಅದು ನನಗೆ ಉಸಿರಾಡಿದಷ್ಟೇ ಸಹಜವಾಗಿತ್ತು, ಹಾಗಾಗಿ ಬರೆಯುವುದನ್ನೇ ಮರೆತೆ. ‘ನಾಶ ಮಾಡು’ ಎಂಬುದನ್ನು ಮಾತ್ರ ಬರೆದೆ. ಶಿವವ್ವ ನಿನ್ನ ಪತ್ರ ಓದಿ, ‘ಎಳೀ ಹುಡುಗಿಗೆ ಪೊಲೀಸರ ಬೀಗ ಯಾಕ ಕೊಟ್ಟ್ರಿ?’ ಎಂದು ಕೇಳಿದಳು.

ಚಾವಿ ಇಲ್ಲದೆ ಈ ಪುಟಗಳನ್ನು ನಾನು ತೆರೆಯಲಾರೆ, ಯಾರೂ ತೆರೆಯಲಾರರು. ಒಂದೇ ಆಸೆ ಉಳಿದಿದೆ. ಹೊಸಬರೆಲ್ಲ ಮಾಡುವ ಒಂದು ತಪ್ಪಿದೆ: ಇನ್ನೂರು ಸಲ ಬೀಜ ಎತ್ತಲು ಬೇಸರವಾಗಿ ಹಳೆಯ ಹಾಳೆಯನ್ನೇ ಮತ್ತೊಂದು ಪುಟಕ್ಕೆ ಬಳಸುವುದು. ಹಾಗಾಗಿದ್ದರೆ ಆ ಎರಡೂ ಪುಟಗಳನ್ನು ನಿಧಾನಕ್ಕೆ ಬಿಡಿಸಬಹುದು, ಅವಳ ಮನಸ್ಸಿನಲ್ಲಿ ಏನಿತ್ತೆಂಬುದು ಅಷ್ಟಾದರೂ ತಿಳಿಯುತ್ತದೆ.

ಕಂಡುಹಿಡಿಯುವುದು ಹೀಗೆ. ಒಂದು ಪುಟದ ಕೆಳಗೆ ಇನ್ನೊಂದು ಪುಟ ಬರೆದು ಅಂಕಿಯಿಂದ ಅಂಕಿ ಕಳೆ. ಅಕ್ಷರಕ್ಕೆ ಎರಡಂಕಿಯಲ್ಲವೆ, ಎರಡೂ ಸೊನ್ನೆಯಾಗಿ ಬಂದ ಕಡೆ ಗುರುತು ಮಾಡು. ಬೇರೆ ಬೇರೆ ಚಾವಿಯ ಪುಟಗಳಾದರೆ ಜೋಡಿ ಸೊನ್ನೆ ಒಂದೋ ಎರಡೋ ಬರುತ್ತವೆ. ಒಂದೇ ಚಾವಿಯಾಗಿದ್ದರೆ, ಪದೇ ಪದೇ ಬರುವ ಅಕ್ಷರಗಳು ಎದುರುಬದುರಾಗಿ, ಆರು, ಏಳು, ಎಂಟು. ನಲವತ್ಮೂರು ಪುಟಗಳಿಂದ ಒಂಬೈನೂರ ಮೂರು ಜೋಡಿಗಳಾಗುತ್ತವೆ. ನಿನ್ನ ಮಗಳು ಒಂದು ದಿನವಾದರೂ ಸೋಮಾರಿಯಾಗಿದ್ದಿರಲಿ ಎಂದು ಬೇಡಿಕೊ. ಬಳಸಿದ ಹಾಳೆಗಳನ್ನು ಅವಳು ಏನು ಮಾಡುತ್ತಿದ್ದಳು, ಎಲ್ಲಿಯಾದರೂ ಒಂದು ತುಂಡು ಉಳಿದಿದೆಯೇ, ಹುಡುಕು.

ಈಶಪ್ಪ


ದಾಂಡೇಲಿ
12 ಜನವರಿ 2024

ಸರ್,

ಮುನ್ನೂರ ಅರವತ್ತು ಜೋಡಿ ಮುಗಿಸಿದೆ. ಮೊದಲ ಹದಿನೈದು ದಿನ ವ್ಯರ್ಥವಾಯಿತು. ಶಾಲೆಯಲ್ಲಿ ಕಲಿತಂತೆ ಪಕ್ಕದ ಮನೆಯಿಂದ ದಶಕ ತಂದು ಕಳೆಯುತ್ತಿದ್ದೆ, ಎಲ್ಲ ತಪ್ಪು. ನಿಮ್ಮ ಗಡಿಯಾರದ ಮಾತನ್ನು ಮತ್ತೆ ಓದಿದ ಮೇಲೆ ತಿಳಿಯಿತು. ಈಗ ಒಂದು ಜೋಡಿಗೆ ಹತ್ತು ನಿಮಿಷ ಸಾಕು. ಹೊಲಿಯಲು ಕೊಟ್ಟ ಬಟ್ಟೆಗಳು ಹಾಗೇ ಬಿದ್ದಿವೆ. ಎದುರು ಮನೆಯ ಮಹಾದೇವಕ್ಕ ತನ್ನ ಜಂಪರ್ ವಾಪಸ್ ಒಯ್ಯಲು ಬಂದು, ‘ಮಗಳ ಹುಚ್ಚು ತಾಯಿಗೆ ಹತ್ತೇತಲ್ಲವಾ’ ಅಂದಳು. ಹೌದು, ಹತ್ತಿದೆ ಅಂದೆ.

ಸರ್, ಹನ್ನೆರಡನೇ ಪುಟಕ್ಕೂ ಮೂವತ್ತೊಂದನೇ ಪುಟಕ್ಕೂ ಜೋಡಿ ಸೊನ್ನೆ ಐದು ಬಂದಿವೆ! ಎರಡು ಸಲ ತಾಳೆ ನೋಡಿದೆ. ಐದೇ. ನೀವು ಆರು ಅಂದಿದ್ದಿರಿ, ಆದರೆ ಐದೂ ಬರಬಹುದಲ್ಲವೆ? ಎರಡೂ ಪುಟ ನಕಲು ಮಾಡಿ ಕಳಿಸಿದ್ದೇನೆ. ಇವರು ಕೆಲಸಕ್ಕೆ ರಜೆ ಹಾಕಿ ತಾವೇ ಅಂಚೆ ಕಚೇರಿಗೆ ಹೊರಟಿದ್ದಾರೆ. ಬೇಗ ನೋಡಿ.

ದಿಲಶಾದ


ಇಂದೂರ
29 ಜನವರಿ 2024

ತಂಗಿ,

ಹನ್ನೆರಡು ದಿನ ಕುಳಿತೆ. ಮೋತಿಬಿಂದುವಿನ ಪೊರೆ ಬಂದ ಕಣ್ಣು, ಆದರೂ ಬಿಡಲಿಲ್ಲ. ಅವು ಒಂದೇ ಚಾವಿಯ ಪುಟಗಳಲ್ಲ. ಒಂಬೈನೂರು ಜೋಡಿಯಲ್ಲಿ ಐದು ಸೊನ್ನೆಯವು ಎರಡೋ ಮೂರೋ ತಾವಾಗಿಯೇ ಬೀಳುತ್ತವೆ. ಇದು ಮೊದಲೇ ಹೇಳಬೇಕಾದ ಮಾತಾಗಿತ್ತು. ಹೇಳಬೇಕಾದ್ದನ್ನು ಬಿಡುವುದು ನನ್ನ ಚಾಳಿಯಾಗಿದೆ.

ಇನ್ನು ಐನೂರ ಚಿಲ್ಲರೆ ಉಳಿದಿವೆ.

ಈಶಪ್ಪ


ದಾಂಡೇಲಿ
20 ಏಪ್ರಿಲ್ 2024

ಸರ್,

ಒಂಬೈನೂರ ಮೂರೂ ಮುಗಿದವು. ಆರು ಎಲ್ಲಿಯೂ ಬರಲಿಲ್ಲ. ನನ್ನ ಮಗಳು ಒಂದು ದಿನವೂ ಸೋಮಾರಿಯಾಗಿರಲಿಲ್ಲ. ಹಾಸಿಗೆ ಮಡಚದವಳು, ಪಾತ್ರೆ ನೆನೆಹಾಕಿ ಮರೆಯುವವಳು, ನಿಮ್ಮ ಮಾತನ್ನು ಮಾತ್ರ ನಲವತ್ಮೂರು ಸಲವೂ ತಪ್ಪದೆ ಪಾಲಿಸಿದ್ದಾಳೆ.

ಹಾಳೆಗಳನ್ನು ಏನು ಮಾಡುತ್ತಿದ್ದಳು ಎಂದು ಅಕ್ಟೋಬರಿನಲ್ಲಿ ಕೇಳಿದ್ದಿರಿ. ನನಗೆ ಗೊತ್ತಿತ್ತು. ಲೆಕ್ಕ ಮುಗಿಯುವವರೆಗೆ ಹೇಳಬಾರದೆಂದು ಇದ್ದೆ. ಮೊದಮೊದಲು ಒಲೆಗೆ ಹಾಕುತ್ತಿದ್ದಳು. ಒಂದು ದಿನ ನಾನು ನೋಡಿಬಿಟ್ಟೆ. ಕಾಗದದಿಂದ ಅನ್ನ ತಿನ್ನುವ ಮನೆ ನಮ್ಮದು. ಇವರ ಎರಡು ಬೆರಳು ಆ ಗಿರಣಿಯ ಪಾಲಾಗಿವೆ. ನಮ್ಮಲ್ಲಿ ಬರೆದ ಕಾಗದವನ್ನು ತುಳಿಯುವುದಿಲ್ಲ, ಸುಡುವುದಿಲ್ಲ. ಕುರಾನಿನ ಹಳೆಯ ಹಾಳೆಗಳು ಹರಿದರೆ ಚೀಲದಲ್ಲಿ ಕೂಡಿಟ್ಟು ಹರಿಯುವ ನೀರಿಗೆ ಬಿಡುತ್ತೇವೆ. ಅದಕ್ಕೆ ಠಂಡಾ ಮಾಡುವುದು ಅನ್ನುತ್ತೇವೆ. ನಾನು ಅವಳ ಕೈಗೆ ಹೊಡೆದು, ‘ಕಾಗದ ಸುಡಬ್ಯಾಡ. ಬ್ಯಾಡಾದ್ರ ಹೊಳಿಗೆ ಬಿಟ್ಟು ಬಾ’ ಅಂದೆ. ಅಂದಿನಿಂದ ಗುರುವಾರ ಗುರುವಾರ ಹೋಗುತ್ತಿದ್ದಳು. ನಿಮ್ಮ ಮಾತನ್ನೂ ಮೀರಲಿಲ್ಲ, ನನ್ನ ಮಾತನ್ನೂ ಮೀರಲಿಲ್ಲ.

ಅವತ್ತೂ ಗುರುವಾರವೇ ಆಗಿತ್ತು. ಕೈಚೀಲ ಹೊಳೆಯ ಮೆಟ್ಟಿಲ ಮೇಲೆ ಸಿಕ್ಕಿತು. ಖಾಲಿಯಾಗಿತ್ತು. ಹಾಳೆ ಬಿಡುವಾಗ ಪಾಚಿಯ ಮೇಲೆ ಜಾರಿದಳು ಅನ್ನೋಣವೆ? ಬಿಟ್ಟಾದ ಮೇಲೆ ಚೀಲ ಬದಿಗಿಟ್ಟು, ನನ್ನ ಮಾತು ನೆನೆದು ಹೋದಳು ಅನ್ನೋಣವೆ? ನೀರಿನ ಹತ್ತಿರ ಕಳಿಸಿದವಳಂತೂ ನಾನೇ.

ದಿಲಶಾದ


ಇಂದೂರ
8 ಆಗಸ್ಟ್ 2024

ತಂಗಿ ದಿಲಶಾದ,

ಮೂರೂವರೆ ತಿಂಗಳು ಉತ್ತರ ಬರೆಯದಿದ್ದಕ್ಕೆ ಕ್ಷಮಿಸು. ಒಂದು ಒಳ್ಳೆಯ ಸುದ್ದಿ ಇದೆ, ಕುಳಿತು ಓದು.

ಮೊನ್ನೆ ಹಳೆಯ ಪುಸ್ತಕಗಳನ್ನು ಬಿಸಿಲಿಗೆ ಹಾಕುವಾಗ ನಿಲೋಫರಳ ಒಂದು ಲಕೋಟೆ ಸಿಕ್ಕಿತು. ಕಳೆದ ವರ್ಷ ಆಗಸ್ಟಿನಲ್ಲಿ ಬಂದದ್ದು. ಆಸ್ಪತ್ರೆಯ ಗಡಿಬಿಡಿಯಲ್ಲಿ ಒಡೆಯದೆಯೇ ಪುಸ್ತಕದೊಳಗೆ ಇಟ್ಟಿದ್ದೆ. ಅದರಲ್ಲಿ ಒಂದು ಚಾವಿ ಹಾಳೆಯಿತ್ತು, ಬಹುಶಃ ಎರಡನೇ ಪ್ರತಿ. ನೀನು ನಕಲು ಮಾಡಿ ಕಳಿಸಿದ ಕೊನೆಯ ಪುಟದಿಂದ ಕಳೆದು ನೋಡಿದೆ. ಸ್ವರ, ವ್ಯಂಜನ ಬಿಡಿಸಿದಂತೆ ಇಪ್ಪತ್ತಾರು ಅಕ್ಷರಗಳೂ ತಪ್ಪಿಲ್ಲದೆ ಬಂದವು: ‘ಸಿಟ್ಟಿಲ್ಲ ಸಂಜೆಗೆ ಬರ್ತೀನಿ ಅಮ್ಮೀ’.

ಹಾಳೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ನೀನೇ ಕಳೆದು ನೋಡು. ಅವಳು ಮರಳಿ ಬರಬೇಕೆಂದೇ ಹೋಗಿದ್ದಳು. ಇನ್ನಾದರೂ ಬಟ್ಟೆ ಹೊಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು.

ಈಶಪ್ಪ


ದಾಂಡೇಲಿ
2 ಸೆಪ್ಟೆಂಬರ್ 2024

ಈಶಪ್ಪ ಕಾಕಾ,

ನನ್ನ ಮಗಳು ಕರೆದಂತೆ ಕರೆಯುತ್ತಿದ್ದೇನೆ. ನೀವು ನನಗಾಗಿ ಸುಳ್ಳು ಹೇಳಿದಿರಿ. ಪರರು ಇಷ್ಟು ಕಷ್ಟಪಡುವುದಿಲ್ಲ.

ಮೂರು ದಿನ ನಾನು ಸುಖವಾಗಿದ್ದೆ. ಸುಳ್ಳಲ್ಲ, ನಿಜವಾಗಿ ಸುಖವಾಗಿದ್ದೆ. ಶಿರಾ ಮಾಡಿ ಓಣಿಗೆಲ್ಲ ಹಂಚಿದೆ. ಮಹಾದೇವಕ್ಕನ ಮನೆಗೆ ಹೋಗಿ, ‘ನನ್ನ ಮಗಳು ಸಂಜಿಗೆ ಬರ್ತೇನಂತ ಬರದಿಟ್ಟು ಹೋಗ್ಯಾಳ’ ಎಂದು ಹೇಳಿ ಬಂದೆ. ಸಾಬೀರ ಆ ಸಾಲನ್ನು ಫೋನಿನಲ್ಲಿ ಬರೆದುಕೊಂಡ. ನಾಲ್ಕನೇ ದಿನ ಇವರು ನಿಮ್ಮ ಹಾಳೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು, ಹೆಬ್ಬೆರಳಿನಿಂದ ಉಜ್ಜಿದರು. ಹರೆಯದಲ್ಲೇ ಗಿರಣಿ ಸೇರಿದವರು, ಕಾಗದವನ್ನು ಮುಟ್ಟಿದರೆ ಅದರ ಊರು ಹೇಳುತ್ತಾರೆ. ನಿಲೋಫರ ಚಾವಿ ಬರೆಯುತ್ತಿದ್ದದ್ದು ಇವರು ಗಿರಣಿಯಿಂದ ತಂದ ಕತ್ತರಿಕೆಯ ಪಟ್ಟಿಗಳ ಮೇಲೆ. ಇವರು ಹಾಳೆಯನ್ನು ಮಡಚಿ ನನಗೆ ಕೊಟ್ಟರು. ಆಮೇಲೆ, ‘ಇದು ನಮ್ಮ ಮನೀ ಕಾಗದ ಅಲ್ಲ’ ಅಂದರು.

ನಿಮ್ಮ ಮೇಲೆ ಸಿಟ್ಟಿಲ್ಲ. ಹೇಗೆ ಮಾಡಿದಿರಿ ಎಂದು ಯೋಚಿಸಿದೆ. ಕಷ್ಟವೇನಲ್ಲ, ನೀವು ಕಲಿಸಿದ್ದೇ. ಕೊನೆಯ ಪುಟದ ಅಂಕಿಯಿಂದ ಬೇಕಾದ ಮಾತಿನ ಅಂಕಿ ಕಳೆದರೆ ಆ ಮಾತು ಓದಿಸುವ ಚಾವಿ ಸಿಗುತ್ತದೆ. ಇಪ್ಪತ್ತಾರು ಅಕ್ಷರಗಳಾಗಿದ್ದರೆ ಸಾಕು, ಯಾವ ಮಾತಾದರೂ ಆದೀತು. ಯಾರೂ ಓದಲಾಗದ ಪುಟ ಎಂದರೆ ಇದೇ ಎಂದು ನನಗೆ ಆಗ ತಿಳಿಯಿತು. ಅದರಲ್ಲಿ ಎಲ್ಲವೂ ಇದೆ. ನಿಮ್ಮ ಪಟ್ಟಿಯನ್ನು ಮುಂದಿಟ್ಟುಕೊಂಡು ನಾನೂ ಒಂದು ಚಾವಿ ಮಾಡಿದೆ. ಗುರುವಿಗೇ ತಿರುಮಂತ್ರ ಅನ್ನಬೇಡಿ. ಅದರಿಂದ ತೆರೆದರೆ ಪುಟ ಹೀಗೆ ಓದುತ್ತದೆ: ‘ಇನ್ನ ನಾ ಮನಿಗೆ ಬರೂದ ಇಲ್ಲ ಅಮ್ಮೀ’. ಸ್ವರ, ವ್ಯಂಜನ ಬಿಡಿಸಿ ಎಣಿಸಿ, ಇಪ್ಪತ್ತಾರೇ.

ಇನ್ನು ಪಾಠ ಕಳಿಸಬೇಡಿ. ಹೊಸ ಲಕೋಟೆ ಸಿಕ್ಕಿತು ಎಂದೂ ಬರೆಯಬೇಡಿ. ನಿಮ್ಮ ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳಿ. ಶಿವವ್ವಕ್ಕನಿಗೆ ನನ್ನ ಸಲಾಮ್ ಹೇಳಿ.

ಓಣಿಯವರು ಕೇಳಿದರೆ ನಿಮ್ಮ ಮಾತನ್ನೇ ಹೇಳುತ್ತೇನೆ, ಸಾಬೀರನಿಗೂ ಅದೇ ಇರಲಿ. ಆದರೆ ಒಂದು ಮಾತು ನಿಮಗೆ ತಿಳಿದಿರಲಿ. ನಿಮ್ಮ ಹಾಳೆ ಬಂದ ಮೂರು ದಿನವೂ ನಾನು ದಿನಕ್ಕೆ ಹತ್ತು ಸಲ ಕಳೆದು ಕಳೆದು ತಾಳೆ ನೋಡಿದೆ. ನಾನು ಮಾಡಿದ ಚಾವಿಯನ್ನು ಒಮ್ಮೆಯೂ ತಾಳೆ ನೋಡಲಿಲ್ಲ, ಬೇಕೆನಿಸಲಿಲ್ಲ.

ನಿಲೋಫರಳ ತಾಯಿ,
ದಿಲಶಾದ